ನೀರಿಗೆ ಬೆನ್ನು ಹಾಕಿದ ಕುರ್ಚಿ

ಮೂವತ್ತೊಂದು ವರ್ಷ ರೈಲ್ವೆ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಗಾಡಿ ಎಷ್ಟು ತಡ, ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮು ಎಂದು ಲೋಕಕ್ಕೆಲ್ಲ ಸಾರಿದ ಮನುಷ್ಯನನ್ನು ನಿವೃತ್ತಿಯ ಮರುದಿನದಿಂದ ಸುಮ್ಮನಿರು ಎಂದರೆ ಹೇಗಾದೀತು? ನಮ್ಮ ಅನೌನ್ಸರ್ ಸಾಹೇಬರಿಗೂ ಆಗಲಿಲ್ಲ. ಹದಿನೈದು ದಿನ ಮನೆಯಲ್ಲಿ ಚಡಪಡಿಸಿದರು. ಹದಿನಾರನೇ ದಿನ, ಮೂರು ಕಡೆ ನೀರು, ನಾಲ್ಕನೇ ಕಡೆ ಜೌಗು ಇರುವ ಒಂದು ಪುಟ್ಟ ಊರಿನಲ್ಲಿ ನೀಲಿ ಬಾಗಿಲಿನ ಮನೆಯೊಂದನ್ನು ಗೊತ್ತುಮಾಡಿ ಬಂದು, ಹೆಂಡತಿಗೆ ಸುದ್ದಿಯನ್ನು ತಮ್ಮ ಎಂದಿನ ಧಾಟಿಯಲ್ಲೇ ತಿಳಿಸಿದರು.

"ದಯವಿಟ್ಟು ಗಮನಿಸಿ! ನಾವು ಬರೋ ಸೋಮವಾರ ನೀರಿನ ದಡಕ್ಕೆ ಹೊರಡ್ತಾ ಇದೀವಿ!"

"ಅಲ್ಲಿ ನಮಗೆ ಯಾರ್ರೀ ಗೊತ್ತು?" ಎಂದರು ಹೆಂಡತಿ, ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ.

"ಗೊತ್ತುಮಾಡ್ಕೊಳೋಕೆ ಎಷ್ಟು ಹೊತ್ತು ಬೇಕು ಕಣೇ? ಒಂದು ವಾರ ಕೊಡು. ಇಡೀ ಊರು ನಮ್ಮ ನಡುಮನೇಲಿ ಕೂತಿರತ್ತೆ. ನೀನು ಲೋಟ ತೊಳೆದು ತೊಳೆದು ಸುಸ್ತಾಗ್ತೀಯ, ನೋಡ್ತಿರು."

ಆ ಹೆಂಗಸು ಹೊರಟಿದ್ದು ಈ ಒಂದು ಮಾತನ್ನು ನಂಬಿ. ರೈಲ್ವೆ ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಸಂಸಾರ ಮಾಡಿದವರು ಅವರು. ಅಲ್ಲಿ ಬೆಳಗ್ಗೆ ಏಳಕ್ಕೆ ಯಾರಾದರೂ ಸಕ್ಕರೆ ಕೇಳಿಕೊಂಡು ಬಂದರೆ, ಎಂಟಕ್ಕೆ ಇನ್ಯಾರೋ ಸೊಸೆಯ ಮೇಲೆ ದೂರು ಹೊತ್ತು ಬರುತ್ತಿದ್ದರು. ಹಾಗೆ ಬಂದವರ ಜೊತೆ ಒಂದು ಗಳಿಗೆ ಕೂತು ಮಾತಾಡದಿದ್ದರೆ ಆಕೆಗೆ ತಿಂದ ಅನ್ನ ಜೀರ್ಣವಾಗುತ್ತಿರಲಿಲ್ಲ.

ಹೊಸ ಊರಿಗೆ ಇದ್ದದ್ದು ಒಂದೇ ಬೀದಿ. ಬೀದಿಯ ಒಂದು ಪಕ್ಕ ಮನೆಗಳ ಸಾಲು, ಇನ್ನೊಂದು ಪಕ್ಕ ನೀರು. ಪ್ರತಿ ಮನೆಗೂ ಎದುರು, ಬೀದಿಯಾಚೆ, ನೀರಿನಂಚಿಗೆ ಒಂದೊಂದು ಕಲ್ಲಿನ ಜಗಲಿ. ಸಾಹೇಬರು ಮೊದಲನೇ ದಿನವೇ ತಮ್ಮ ಜಗಲಿಯ ಮೇಲೆ ಒಂದು ಕುರ್ಚಿ ಹಾಕಿಸಿದರು. ಅದೇನು ಅಂತಿಂಥ ಕುರ್ಚಿಯಲ್ಲ. ನಿಲ್ದಾಣದವರೆಲ್ಲ ಸೇರಿ ಬೀಳ್ಕೊಡುಗೆಗೆ ಕೊಟ್ಟದ್ದು. ದಪ್ಪ ಮರ, ಅಗಲವಾದ ಕೈ, ಎತ್ತರದ ಬೆನ್ನು. ಹಳೇ ಊರಿಂದ ಸಾಮಾನಿನ ಜೊತೆ ಬಂದಿದ್ದ ಇಬ್ಬರು ಹಮಾಲರು ಅದನ್ನು ಏದುಸಿರು ಬಿಡುತ್ತಾ ಹೊತ್ತು ತಂದರು.

"ನೀರಿನ ಕಡೆ ಮುಖ ಮಾಡಿ ಇಡೋದಾ ಸ್ವಾಮಿ?" ಎಂದ ಒಬ್ಬ.

"ನೀರನ್ನ ನೋಡ್ಕೊಂಡು ನಾನೇನಪ್ಪಾ ಮಾಡ್ಲಿ? ಅದಕ್ಕೆ ಹೊರಡೋ ಟೈಮಿಲ್ಲ, ಬರೋ ಟೈಮಿಲ್ಲ. ಬೀದಿ ಕಡೆಗೆ ತಿರುಗ್ಸು. ನಂಗೆ ಹೋಗೋ ಬರೋ ಜನ ಕಾಣ್ಬೇಕು. ಜನಕ್ಕೆ ನಾನು ಕಾಣ್ಬೇಕು."

ಕುರ್ಚಿ ಬೀದಿಗೆ ಮುಖ ಮಾಡಿತು, ನೀರಿಗೆ ಬೆನ್ನು ಹಾಕಿತು. ಹಮಾಲರು ಸಂಜೆ ಲಾಂಚು ಹತ್ತಿ ಹೋದರು. ಇನ್ನು ಅದನ್ನು ಅಲುಗಿಸುವ ತಾಕತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈಗ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಆ ಊರಿನಲ್ಲಿ ತೊಟ್ಟಿಲು ಬಿಟ್ಟಿಳಿದ ಮಗುವಿಗೂ ಗೊತ್ತಿದ್ದ ಗುಟ್ಟು, ನಮ್ಮ ಸಾಹೇಬರೊಬ್ಬರಿಗೆ ಗೊತ್ತಿಲ್ಲದ್ದು. ಅಲ್ಲಿ ಜಗಲಿಯ ಮೇಲೆ ನೀರಿಗೆ ಮುಖ ಮಾಡಿ ಕುರ್ಚಿ ಹಾಕಿದರೆ, "ಬನ್ನಿ, ಕೂತ್ಕೊಳ್ಳಿ, ಮನೆ ನಿಮ್ಮದೇ" ಎಂದರ್ಥ. ಯಾರು ಬೇಕಾದರೂ ಬರಬಹುದು, ಕರೆಯುವ ಅಗತ್ಯವಿಲ್ಲ. ಅದೇ ಕುರ್ಚಿಯನ್ನು ನೀರಿಗೆ ಬೆನ್ನು ಮಾಡಿ ಇಟ್ಟರೆ, "ಮನೆಯಲ್ಲಿ ದೊಡ್ಡ ಕಷ್ಟ ಬಂದಿದೆ, ದಯವಿಟ್ಟು ನಮ್ಮನ್ನು ನಮ್ಮಷ್ಟಕ್ಕೆ ಬಿಡಿ" ಎಂದರ್ಥ. ಹಿಂದೆ ಯಾವಾಗಲೋ, ನೀರಿಗಿಳಿದ ದೋಣಿ ತಿರುಗಿ ಬರದ ಮನೆಯವರು ಶುರುಮಾಡಿದ್ದಂತೆ. ಅಂಥ ಮನೆಯ ಹೊಸ್ತಿಲನ್ನು ಯಾರೂ ದಾಟಬಾರದು, ಮುಂದೆ ದನಿಯೆತ್ತಬಾರದು, ಏನಾಯಿತೆಂದು ಕೇಳುವುದಂತೂ ಕೂಡದೇ ಕೂಡದು. ಮನೆಯವರೇ ಎದ್ದು ಕುರ್ಚಿ ತಿರುಗಿಸುವ ತನಕ ಊರು ಕಾಯುತ್ತದೆ.

ಊರು ಕಾಯತೊಡಗಿತು.

ಮರುದಿನ ಬೆಳಗ್ಗೆ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಆ ಕುರ್ಚಿಯಲ್ಲಿ ವಿರಾಜಮಾನರಾದರು. ಮೊದಲು ಬಂದವನು ಅಂಚೆಯವನು. ಸೈಕಲ್ಲಿನ ಮೇಲೆ ಶಿಳ್ಳೆ ಹಾಕುತ್ತಾ ಬರುತ್ತಿದ್ದವನು ಕುರ್ಚಿ ಕಂಡದ್ದೇ ತಡ, ಶಿಳ್ಳೆ ನುಂಗಿ, ಸೈಕಲ್ಲಿಂದ ಇಳಿದು, ಟೋಪಿ ತೆಗೆದು ಎದೆಗೊತ್ತಿಕೊಂಡ.

"ನಮಸ್ಕಾರ! ಸುಸ್ವಾಗತ! ಬನ್ನಿ, ಒಂದು ಲೋಟ ಚಹಾ ಕುಡ್ಕೊಂಡು ಹೋಗಿ!" ಎಂದು ಸಾಹೇಬರು ಎರಡನೇ ಪ್ಲಾಟ್‌ಫಾರ್ಮಿಗೂ ಕೇಳುವ ದನಿಯಲ್ಲಿ ಕರೆದರು.

ಅಂಚೆಯವನ ಕಣ್ಣಲ್ಲಿ ನೀರು ತುಂಬಿತು. ಅವನು ತಲೆ ತಗ್ಗಿಸಿ, ಸೈಕಲ್ಲನ್ನು ತಳ್ಳಿಕೊಂಡು, ನಾಲ್ಕು ಮನೆ ದಾಟುವವರೆಗೂ ತುದಿಗಾಲಲ್ಲಿ ನಡೆದ.

"ನೋಡಿದ್ಯಾ?" ಎಂದರು ಸಾಹೇಬರು ಒಳಗೆ ಬಂದು, ಉಬ್ಬಿಹೋಗಿ. "ಟೋಪಿ ತೆಗೆದ! ನಮ್ಮ ಸ್ಟೇಷನ್ ಮಾಸ್ತರಿಗೂ ಯಾರೂ ಹಾಗೆ ತೆಗೀತಿರಲಿಲ್ಲ."

"ಒಳಗೆ ಬಂದ್ನಾ?" ಎಂದು ಕೇಳಿದರು ಹೆಂಡತಿ.

ಬರಲಿಲ್ಲ. ಅವನೊಬ್ಬನೇ ಅಲ್ಲ, ಯಾರೂ ಬರಲಿಲ್ಲ. ಸಾಹೇಬರು ಕೈ ಬೀಸಿದಷ್ಟೂ ಜನ ನೆಲ ನೋಡಿದರು. ನಕ್ಕಷ್ಟೂ ನಿಟ್ಟುಸಿರು ಬಿಟ್ಟರು. ಹೆಂಡತಿ ರೊಟ್ಟಿಯಂಗಡಿಗೆ ಹೋದರೆ ಕಲಕಲ ಎನ್ನುತ್ತಿದ್ದ ಅಂಗಡಿ ಗಪ್‌ಚುಪ್ಪಾಗುತ್ತಿತ್ತು. "ನೀವು ಮುಂದೆ ಹೋಗಿ ಅಮ್ಮಾ" ಎಂದು ಸಾಲೆಲ್ಲ ಸರಿದು ದಾರಿ ಬಿಡುತ್ತಿತ್ತು. ಆಕೆಗೆ ಬೇಕಾಗಿದ್ದದ್ದು ರೊಟ್ಟಿಯಲ್ಲ, ಸಾಲಿನಲ್ಲಿ ಅರ್ಧ ಗಂಟೆ ನಿಂತು ಆಡುವ ಮಾತು. ಎರಡೇ ನಿಮಿಷಕ್ಕೆ ರೊಟ್ಟಿ ಹಿಡಿದು ಹೊರಗೆ ನಿಂತ ಆಕೆಗೆ ಅಳು ಬರುವುದೊಂದು ಬಾಕಿ.

ಕ್ಷೌರದಂಗಡಿಯಲ್ಲೂ ಇದೇ ಪಾಡು. ಸಾಹೇಬರು ಕೂತರು. ಕ್ಷೌರಿಕ ಬಿಳಿ ಬಟ್ಟೆ ಹೊದಿಸಿದ, ಕತ್ತಿ ಮಸೆದ, ಗಲ್ಲಕ್ಕೆ ನೊರೆ ಹಚ್ಚಿದ. ಆಮೇಲೆ ಅವರ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಅಂದ, "ಧೈರ್ಯವಾಗಿರಿ ಸಾಹೇಬ್ರೇ."

ಸಾಹೇಬರು ಗಾಬರಿಯಿಂದ ಕತ್ತಿಯನ್ನೇ ನೋಡಿದರು. "ಯಾಕಪ್ಪಾ? ನೀನು ಈ ಕೆಲಸಕ್ಕೆ ಹೊಸಬನಾ?"

"ಎಲ್ಲಾ ಒಂದು ದಿನ ಮುಗಿಯತ್ತೆ ಸಾಹೇಬ್ರೇ. ನಮ್ಮ ಕೈಲೇನಿದೆ?"

"ನಿನ್ನ ಕೈಲಿ ಕತ್ತಿ ಇದೆಯಲ್ಲೋ!" ಎಂದವರೇ ಸಾಹೇಬರು ಅರ್ಧ ನೊರೆಯಲ್ಲೇ ಕಾಲಿಗೆ ಬುದ್ಧಿ ಹೇಳಿದರು. ಬಿಳಿ ಬಟ್ಟೆ ಹಾರಿಸಿಕೊಂಡು ಬೀದಿಯುದ್ದಕ್ಕೂ ಓಡುತ್ತಿದ್ದ ಅವರನ್ನು ಕಂಡು ಜನ ಮೂಗಿನ ಮೇಲೆ ಬೆರಳಿಟ್ಟರು.

ಅಂದಿನಿಂದ ಊರಿನ ಊಹೆಗಳಿಗೆ ಲಂಗುಲಗಾಮಿಲ್ಲದಂತಾಯಿತು. ಕೇಳಬಾರದೆಂದು ಕಟ್ಟಳೆಯಿತ್ತೇ ಹೊರತು ಊಹಿಸಬಾರದೆಂದೇನೂ ಇರಲಿಲ್ಲವಲ್ಲ! ರೊಟ್ಟಿಯಂಗಡಿಯಾಕೆಯ ಪ್ರಕಾರ ಮಗ ಮನೆ ಬಿಟ್ಟು ಓಡಿಹೋಗಿದ್ದಾನೆ. ಆ ದಂಪತಿಗೆ ಮಕ್ಕಳೇ ಇಲ್ಲವೆಂಬುದು ಆಕೆಗೆ ಅಡ್ಡಿಯಾಗಲಿಲ್ಲ. ಅಂಚೆಯವನ ಪ್ರಕಾರ ಯಜಮಾನಿಗೆ ವಾಸಿಯಾಗದ ಕಾಯಿಲೆ, ಅದಕ್ಕೇ ಆಕೆಯ ಅಕ್ಕ ವಾರಕ್ಕೆರಡು ಕಾಗದ ಬರೆಯುತ್ತಾರೆ. ದವಾಖಾನೆಯ ನರ್ಸಮ್ಮ ಮಾತ್ರ ಸಾಹೇಬರ ನಗುವನ್ನೇ ದೂರದಿಂದ ಮೂರು ದಿನ ಗಮನಿಸಿ ತೀರ್ಪು ಕೊಟ್ಟರು.

"ದುಃಖ ತಲೆಗೇರಿದ್ರೆ ಹಾಗೇ ನಗು ಬರತ್ತೆ. ಪಾಪ, ಆ ಮನುಷ್ಯನ ಹಲ್ಲು ಮುಚ್ಚಿದ್ದನ್ನ ನಾನು ಒಂದು ದಿನಾನೂ ಕಾಣಲಿಲ್ಲ."

ಆ ವಾರದಿಂದ ನೀಲಿ ಬಾಗಿಲಿನ ಮನೆಯ ಕಿಟಕಿಕಟ್ಟೆಯ ಮೇಲೆ ದಿನಾ ಬೆಳಗ್ಗೆ ಮುಚ್ಚಿದ ಪಾತ್ರೆಯೊಂದು ತಾನಾಗಿ ಪ್ರತ್ಯಕ್ಷವಾಗತೊಡಗಿತು. ಒಳಗೆ ತೆಳ್ಳನೆ ಗಂಜಿ. ತಂದಿಟ್ಟವರು ಯಾರೆಂದು ನೋಡಲು ಬಾಗಿಲು ತೆಗೆಯುವಷ್ಟರಲ್ಲಿ ಬೀದಿ ಖಾಲಿ.

"ಇದು ಅವಮಾನ!" ಎಂದು ಸಾಹೇಬರು ಗುಡುಗಿದರು. "ಗಂಜಿಗೂ ಗತಿಯಿಲ್ಲದೋರು ಅಂದ್ಕೊಂಡಿದಾರಾ ನಮ್ಮನ್ನ?"

"ಗಂಜಿ ಇಟ್ಟೋರಿಗೆ ಬಾಯಿಲ್ವಾ? ಒಂದು ಮಾತಾಡಿಸಿ ಇಡಬಾರದಾ?" ಎಂದರು ಹೆಂಡತಿ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಗಂಡನ ಎದುರು ಬಂದು ನಿಂತರು. "ನೋಡ್ರೀ, ಒಂದು ವಾರ ಅಂದ್ರಿ. ಎರಡು ತಿಂಗಳಾಯ್ತು. ನಾನು ಈ ಗೋಡೆ ಜೊತೆ ಮಾತಾಡೋಕೆ ಶುರುಮಾಡಿದೀನಿ. ನಿನ್ನೆ ಅದು ಉತ್ತರ ಕೊಟ್ಟ ಹಾಗಾಯ್ತು. ಬರೋ ವಾರ ಊರಲ್ಲಿ ಮೂರು ದಿನ ರಜೆಯಂತೆ, ದೊಡ್ಡ ಗಮ್ಮತ್ತಂತೆ. ಆ ರಜೆ ಮುಗಿಯೋದ್ರೊಳಗೆ ಒಬ್ಬರು, ಒಬ್ಬರೇ ಒಬ್ಬರು ಈ ಹೊಸ್ತಿಲು ದಾಟಿ ಬಂದು ಕೂತ್ರೆ ಸರಿ. ಇಲ್ದಿದ್ರೆ ಮೂರನೇ ದಿನ ಸಂಜೆ ಲಾಂಚಿಗೆ ನಾನು ಅಕ್ಕನ ಮನೆಗೆ ಹೊರಟೆ. ಮತ್ತೆ ಬರೋದಿಲ್ಲ."

ಸಾಹೇಬರಿಗೆ ಹೆಂಡತಿಯ ಕೋಪ ಗೊತ್ತಿತ್ತು, ಅಳು ಗೊತ್ತಿತ್ತು. ಆದರೆ ಇಷ್ಟು ಮೆಲ್ಲಗೆ ಆಕೆ ಮಾತಾಡಿದ್ದನ್ನು ಮದುವೆಯಾದ ಮೇಲೆ ಒಮ್ಮೆಯೂ ಕೇಳಿರಲಿಲ್ಲ. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೆಯಾದಾಗ ಎಲ್ಲರೂ ದನಿ ತಗ್ಗಿಸಿದರೆ ಇವರು ಏರಿಸುವವರು. "ಮೂರು ದಿನ ಯಾಕೆ? ಒಂದೇ ದಿನ ಸಾಕು!" ಎಂದುಬಿಟ್ಟರು.

ರಜೆ ಬಂತು! ಬಲೆಗಳನ್ನೆಲ್ಲ ಮಡಚಿ ಮೂಲೆಗೆ ಹಾಕಿದರು. ದೋಣಿಗಳಿಗೆ ಹೊಸ ಬಣ್ಣ, ಬೀದಿಗೆಲ್ಲ ಬಣ್ಣದ ಬಟ್ಟೆ, ಎಲ್ಲ ಜಗಲಿಗಳ ಮೇಲೂ ನೀರಿಗೆ ಮುಖ ಮಾಡಿದ ಕುರ್ಚಿಗಳ ಸಾಲು. ಮೊದಲನೇ ದಿನ ವಾದ್ಯದವರ ಮೆರವಣಿಗೆ. ಸಾಹೇಬರು ಹೊಸ ಅಂಗಿ ತೊಟ್ಟು, ಹೆಂಡತಿಯನ್ನೂ ಬಾಗಿಲಿಗೆ ಕರೆದು ನಿಲ್ಲಿಸಿ, ಕುರ್ಚಿಯಲ್ಲಿ ಕೂತರು. ದೂರದಿಂದ ಡೋಲು, ತುತ್ತೂರಿ, ತಾಳ ಎಲ್ಲವೂ ಸೇರಿ ಕಿವಿ ಹರಿಯುವಂತೆ ಬರುತ್ತಿದ್ದವು. ಸಾಹೇಬರ ಕಾಲು ಕುಣಿಯತೊಡಗಿತು.

"ಬಂತು, ಬಂತು! ನಮ್ಮ ಮನೆ ಮುಂದೆ ನಿಲ್ಲಿಸಿ ಇನ್ನೊಂದು ಸಲ ಬಾರಿಸಿ ಅಂತೀನಿ!"

ನೀಲಿ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಮುಂದಾಳು ಕೈಯೆತ್ತಿದ. ವಾದ್ಯ ಗಕ್ಕನೆ ನಿಂತಿತು. ಡೋಲಿನವನು ಡೋಲನ್ನು ತಬ್ಬಿ ಹಿಡಿದ. ತುತ್ತೂರಿಯವನು ತುತ್ತೂರಿಯನ್ನು ಕಂಕುಳಲ್ಲಿ ಅಡಗಿಸಿದ. ನಲವತ್ತು ಜನ ಚಪ್ಪಲಿ ಕೈಲಿ ಹಿಡಿದು, ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಸಾಹೇಬರ ಮುಂದೆ ಹಾದುಹೋದರು. ಅಷ್ಟರಲ್ಲಿ ಯಾರಿಗೋ ಸೀನು ಬಂತು, ಪಕ್ಕದವನು ಅವನ ಮೂಗು ಹಿಡಿದ. ಹತ್ತು ಹೆಜ್ಜೆ ಆಚೆ ಹೋದದ್ದೇ ತಡ, ಮತ್ತೆ ಡಂ ಡಂ ಡಂ!

ಹೆಂಡತಿ ಒಳಗೆ ಹೋಗಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ ಸದ್ದು ಮಾತ್ರ ಕೇಳಿಸಿತು.

ಎರಡನೇ ದಿನ ಸಾಹೇಬರು ಕೊನೆಯ ಅಸ್ತ್ರ ಹೊರತೆಗೆದರು. ಕರೆಂಟು ಹೋದಾಗ ನಿಲ್ದಾಣದಲ್ಲಿ ಬಳಸುತ್ತಿದ್ದ ತಗಡಿನ ಕಹಳೆ ಅದು. ಕುರ್ಚಿಯ ಮೇಲೇ ಹತ್ತಿ ನಿಂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ಊರಿನ ಸಮಸ್ತರ ಗಮನಕ್ಕೆ! ನೀಲಿ ಬಾಗಿಲಿನ ಮನೆಯಲ್ಲಿ ಚಹಾ ಸಿದ್ಧವಾಗಿದೆ! ಬಿಸ್ಕತ್ತೂ ಇದೆ! ದಯವಿಟ್ಟು ಕೂಡಲೇ ಒಳಗೆ ಬನ್ನಿ! ಆಗಿರುವ ವಿಳಂಬಕ್ಕೆ ವಿಷಾದಿಸುತ್ತೇವೆ!"

ಅತ್ತ ಕಡೆ ಹಗ್ಗ ಎಳೆಯುವ ಆಟ ಆಡುತ್ತಿದ್ದವರು ಹಗ್ಗ ಕೈಬಿಟ್ಟರು. ಎರಡೂ ತಂಡಗಳು ಬೆನ್ನ ಮೇಲೆ ಬಿದ್ದವು. ರೊಟ್ಟಿಯಂಗಡಿಯಾಕೆ ಮುಖ ಮುಚ್ಚಿಕೊಂಡು ಬಿಕ್ಕಿದರು. "ಯಾರನ್ನೋ ಕರೀತಿದಾರೆ... ಆ ಓಡಿಹೋದ ಮಗನನ್ನೇ ಇರ್ಬೇಕು!"

ಸಾಹೇಬರು ಅದೇ ಘೋಷಣೆಯನ್ನು ಹದಿನೇಳು ಸಲ ಮಾಡಿದರು. ಹದಿನೆಂಟನೆಯದಕ್ಕೆ ಗಂಟಲು ಕಟ್ಟಿತು.

ಅವತ್ತು ಸಂಜೆ ದಡದ ಸಂಘದ ತುರ್ತುಸಭೆ. ಅಧ್ಯಕ್ಷೆ ದೋಣಿ ಕಟ್ಟುವ ಮೇಸ್ತ್ರಿಯ ಹೆಂಡತಿ. ಆಳು ಗಟ್ಟಿ, ಮಾತು ಇನ್ನೂ ಗಟ್ಟಿ. ಕುರ್ಚಿ ನೀರಿಗೆ ಬೆನ್ನು ಹಾಕಿದ ಮನೆಗೆ ತಾವಾಗಿ ಹೋಗುವುದು ಊರಿನಲ್ಲಿ ಎಂದೂ ನಡೆದದ್ದಲ್ಲ ಎಂದು ಹಿರಿಯರು ತಲೆಯಾಡಿಸಿದರು. "ಯಜಮಾನಿಯಮ್ಮ ಸೂಟ್‌ಕೇಸ್ ಬಿಸಿಲಿಗೆ ಇಟ್ಟಿದ್ರು, ನಾನೇ ನೋಡ್ದೆ" ಎಂದ ಅಂಚೆಯವನು. ದೊಡ್ಡಾಸ್ಪತ್ರೆಗೆ ಸಾಗಿಸುತ್ತಿದ್ದಾರೆ ಎಂದೇ ಎಲ್ಲರೂ ತೀರ್ಮಾನಿಸಿದರು. ಕೊನೆಗೆ ಅಧ್ಯಕ್ಷೆ ಮೇಜು ಗುದ್ದಿದರು. "ಕಟ್ಟಳೆ ಮುರಿದ್ರೆ ಮುರೀಲಿ. ನಾಳೆ ಮಧ್ಯಾಹ್ನ ನಾನು ಹೋಗೋಳೇ."

ಮೂರನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಿಗೆ ಸಾಹೇಬರು ಊಟದ ತಟ್ಟೆ ಬಿಟ್ಟು ಎದ್ದು ಓಡಿದರು. ಹೊಸ್ತಿಲಾಚೆ ಅಧ್ಯಕ್ಷೆ, ನರ್ಸಮ್ಮ, ಅಂಚೆಯವನು, ಕ್ಷೌರಿಕ. ನಾಲ್ವರ ಮುಖವೂ ಸಪ್ಪೆ.

"ಬಂದ್ರಾ! ಬನ್ನಿ ಬನ್ನಿ ಬನ್ನಿ!" ಕಟ್ಟಿದ ಗಂಟಲಲ್ಲೂ ಸಾಹೇಬರು ಕಿರುಚಿದರು. "ಎರಡು ತಿಂಗಳಿಂದ ನಾನು ಈ ದಿನಕ್ಕೇ ಕಾಯ್ತಾ ಇದ್ದೆ!"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಾಗನ್ಬೇಡಿ ಸಾಹೇಬ್ರೇ," ಎಂದರು ಅಧ್ಯಕ್ಷೆ ಕೈಮುಗಿದು. "ಇನ್ನೂ ಆಸೆ ಬಿಡಬಾರದು."

"ಆಸೆ ಯಾಕೆ ಬಿಡ್ಲಿ? ಒಳಗೆ ಬನ್ನಿ ಅಂದ್ರೆ! ಬರೀ ಒಂದು ಕಾಲಾದ್ರೂ ಇಡಿ!"

"ಇಲ್ಲ, ಇಲ್ಲ, ಒಳಗೆ ಬರೋ ಹಾಗಿಲ್ಲ."

"ಯಾಕಿಲ್ಲ? ನನ್ನ ಸಂಸಾರ ಇವತ್ತು ನಿಮ್ಮ ಕಾಲ ಮೇಲೆ ನಿಂತಿದೆ ಕಣಮ್ಮಾ!" ಎಂದು ಸಾಹೇಬರು ಅಂಚೆಯವನ ತೋಳು ಹಿಡಿದು ಒಳಕ್ಕೆ ಜಗ್ಗಿದರು. ಕ್ಷೌರಿಕ ಅವನನ್ನು ಸೊಂಟ ಹಿಡಿದು ಹೊರಕ್ಕೆ ಜಗ್ಗಿದ. ಅಂಚೆಯವನು ಹೊಸ್ತಿಲ ಮೇಲೆ ಹಿಂದೆ ಮುಂದೆ ತೂಗಾಡಿದ.

ಅಷ್ಟರಲ್ಲಿ ಒಳಗಿಂದ ಹೆಂಡತಿ ಬಂದರು. ಪ್ರಯಾಣದ ಸೀರೆ, ಕೈಯಲ್ಲಿ ಸೂಟ್‌ಕೇಸ್, ಅತ್ತು ಕೆಂಪಾದ ಕಣ್ಣು. ನರ್ಸಮ್ಮ ಹೊಸ್ತಿಲಾಚೆಯಿಂದಲೇ ಕೈ ಚಾಚಿ ಆಕೆಯ ನಾಡಿ ಹಿಡಿದರು.

"ಎಷ್ಟು ದಿನದಿಂದ ಇದೆ ಅಮ್ಮಾ?"

"ಏನು ಎಷ್ಟು ದಿನದಿಂದ?"

"ಕಾಯಿಲೆ."

"ನಂಗ್ಯಾವ ಕಾಯಿಲೆ? ಕಲ್ಲುಗುಂಡಿನ ಹಾಗಿದೀನಿ!"

"ಹಾಗಾದ್ರೆ ಇವರಿಗಾ?"

"ಇವರಿಗೆ ಹುಟ್ಟಿದಾಗಿಂದ ಇರೋದು ಬಿಟ್ರೆ ಹೊಸದೇನೂ ಇಲ್ಲ."

"ಮಗ?" ಎಂದ ಅಂಚೆಯವನು ತೂಗಾಡುತ್ತಲೇ.

"ಯಾರ ಮಗ?"

ಅಧ್ಯಕ್ಷೆ ನಿಧಾನವಾಗಿ ತಿರುಗಿ, ಜಗಲಿಯ ಕಡೆಗೆ ಬೆರಳು ತೋರಿಸಿದರು.

"ಮತ್ತೆ ಆ ಕುರ್ಚಿ ಯಾಕೆ ಹಾಗಿದೆ?"

"ಹೇಗಿದೆ?" ಎಂದರು ಸಾಹೇಬರು. "ಚೆನ್ನಾಗಿದೆಯಲ್ಲ! ಬೀದಿ ಕಡೆ ಮುಖ ಮಾಡಿ ನಾನೇ ಹಾಕಿಸಿದ್ದು. ಎಲ್ಲರನ್ನೂ ಕರೆಯೋಣಾಂತ."

ಅಧ್ಯಕ್ಷೆ ಊರಿನ ಕಟ್ಟಳೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಕೇಳುತ್ತಾ ಕೇಳುತ್ತಾ ಸಾಹೇಬರ ಮುಖ ಕುಂಬಳಕಾಯಿಯಷ್ಟು ಊದಿ, ಆಮೇಲೆ ಬಾಡಿತು. ಎರಡು ತಿಂಗಳು! ದಿನಾ ಇಸ್ತ್ರಿ ಅಂಗಿ ತೊಟ್ಟು, ಹಲ್ಲು ಕಿರಿದು, ಹೋಗೋ ಬರೋರಿಗೆಲ್ಲ "ಹತ್ತಿರ ಬರಬೇಡಿ" ಎಂದು ಹೇಳುತ್ತಾ ಕೂತಿದ್ದರಲ್ಲ! ಮೂವತ್ತೊಂದು ವರ್ಷದಲ್ಲಿ ಒಂದು ಗಾಡಿಯನ್ನೂ ತಪ್ಪು ಪ್ಲಾಟ್‌ಫಾರ್ಮಿಗೆ ಕರೆದವರಲ್ಲ ಅವರು.

ಮೊದಲು ನಕ್ಕಿದ್ದು ಹೆಂಡತಿ. ಆ ನಗು ಬಂದ ರಭಸಕ್ಕೆ ಕೈಯಲ್ಲಿದ್ದ ಸೂಟ್‌ಕೇಸ್ ನೆಲಕ್ಕೆ ಬಿತ್ತು. ನಗುತ್ತಲೇ ಕಣ್ಣೊರೆಸಿಕೊಂಡರು. "ಅಯ್ಯೋ, ನಿಂತ್ಕೊಂಡು ಏನು ನೋಡ್ತಿದೀರ? ತಿರುಗ್ಸಿ ಅದನ್ನ!"

ಕುರ್ಚಿ ಸುಲಭಕ್ಕೆ ಜಗ್ಗಲಿಲ್ಲ. ಅಧ್ಯಕ್ಷೆ ಒಂದು ಕೈ, ಕ್ಷೌರಿಕ ಒಂದು ಕೈ, ನರ್ಸಮ್ಮ ಬೆನ್ನು, ಅಂಚೆಯವನು ಕಾಲು. ಸಾಹೇಬರು "ಎಳೀರಿ! ಹಿಡೀರಿ! ಹಾಗೇ!" ಎಂದು ಬಾಯಿ ಕೊಟ್ಟರು. ಕುರ್ಚಿ ಕಿರ್ರೆಂದು ಸುತ್ತಿ ನೀರಿಗೆ ಮುಖ ಮಾಡಿ ನಿಂತಿತು.

ನೀರಿನ ಮೇಲೆ ಆ ಹೊತ್ತಿಗೆ ರಜೆಯ ಕೊನೆಯ ದೋಣಿ ಪಂದ್ಯ ನಡೆದಿತ್ತು. ಎಲ್ಲರಿಗಿಂತ ಮುಂದಿದ್ದ ದೋಣಿಯವನೇ ಮೊದಲು ಅದನ್ನು ಕಂಡದ್ದು. "ಕುರ್ಚಿ ತಿರುಗ್ತು! ನೀಲಿ ಬಾಗಿಲಿನವರ ಕುರ್ಚಿ ತಿರುಗ್ತೂ!" ಎಂದು ಕೂಗಿದವನೇ ಗೆಲ್ಲುವ ಪಂದ್ಯ ಬಿಟ್ಟು ದಡಕ್ಕೆ ಹುಟ್ಟು ಹಾಕಿದ. ಹಿಂದಿನ ಏಳು ದೋಣಿಗಳೂ ತಿರುಗಿದವು. ದಡದಲ್ಲಿದ್ದವರು ಬೀದಿಯಲ್ಲಿ ಓಡಿಬಂದರು. ಎರಡು ತಿಂಗಳು ಅದುಮಿಟ್ಟ ಕುತೂಹಲವಲ್ಲವೇ! ಕಾಲು ಗಂಟೆಯಲ್ಲಿ ನಡುಮನೆ ತುಂಬಿತು, ಅಡುಗೆಮನೆ ತುಂಬಿತು, ಬಚ್ಚಲಿನ ಮೆಟ್ಟಿಲ ಮೇಲೂ ಇಬ್ಬರು ಕೂತರು. ಮೊನ್ನೆ ಚಪ್ಪಲಿ ಹಿಡಿದು ಹೋಗಿದ್ದ ವಾದ್ಯದವರು ಕಿಟಕಿಯ ಹೊರಗೆ ನಿಂತು, ಬಾಕಿ ಉಳಿದಿದ್ದನ್ನೆಲ್ಲ ಒಟ್ಟಿಗೇ ಬಾರಿಸಿದರು.

"ಅಮ್ಮಾ, ನಿಜವಾಗ್ಲೂ ನಿಮಗೆ ಓಡಿಹೋದ ಮಗ ಇಲ್ವಾ?" ಎಂದು ರೊಟ್ಟಿಯಂಗಡಿಯಾಕೆ ಕೊಂಚ ನಿರಾಶೆಯಿಂದ ಕೇಳಿದರು.

"ಇಲ್ಲ ಕಣ್ರೀ. ಆದ್ರೆ ಓಡಿಹೋಗೋ ಹೆಂಡತಿ ಒಬ್ಬಳಿದ್ದಳು, ಕೂತ್ಕೊಳ್ಳಿ ಹೇಳ್ತೀನಿ" ಎಂದು ಆಕೆ ಶುರುಮಾಡಿದರು. ಎರಡು ತಿಂಗಳ ಮಾತು! ಒಂದು ಕೈಯಲ್ಲಿ ಚಹಾ ಸೋಸುತ್ತಾ, ಇನ್ನೊಂದು ಕೈಯಲ್ಲಿ ಗಾಳಿಯಲ್ಲಿ ಚಿತ್ರ ಬರೆಯುತ್ತಾ, ಗಂಡ ಅರ್ಧ ನೊರೆಯಲ್ಲಿ ಓಡಿಬಂದದ್ದನ್ನು ಆಕೆ ಹೇಳುವಾಗ ಕ್ಷೌರಿಕನೇ ಎಲ್ಲರಿಗಿಂತ ಜೋರಾಗಿ ನಕ್ಕ. ಸಾಹೇಬರು ಲೋಟ ತೊಳೆಯುತ್ತಾ ನಿಂತಿದ್ದರು. ತೊಳೆದು ತೊಳೆದು ಅವರ ಬೆರಳೆಲ್ಲ ಸುಕ್ಕಾಗಿದ್ದವು. ಆದರೂ ಅವರ ಒಂದು ಕಣ್ಣು ಗೋಡೆಯ ಗಡಿಯಾರದ ಮೇಲೆಯೇ ಇತ್ತು. ಹೊರಡುವ ಹೊತ್ತು ಮರೆಯುವ ಜಾತಿಯಲ್ಲ ಅವರದು. ಐದೂವರೆಗೆ ಲಾಂಚು. ಆಗಲೇ ಐದೂ ನಲವತ್ತು.

ಜನರ ನಡುವಿಂದ ಲಾಂಚಿನ ಚಾಲಕ ಎದ್ದ. ಅವನೂ ಅಲ್ಲೇ ಕೂತು ಮೂರು ಲೋಟ ಮುಗಿಸಿದ್ದ. ಅವನ ಹಿಂದೆ ಬಂದಿದ್ದ ಹನ್ನೊಂದು ಪ್ರಯಾಣಿಕರೂ ಬಿಸ್ಕತ್ತು ಮೆಲ್ಲುತ್ತಿದ್ದರು.

"ಹೊತ್ತಾಯ್ತು, ನಾನಿನ್ನು ಹೊರಡ್ಬೇಕು. ಅಮ್ಮಾ, ನೀವು ಬರೋರಿದ್ರಿ ಅಂತ ಟಿಕೆಟ್ಟಿನವನು ಅಂದ. ಸೂಟ್‌ಕೇಸ್ ಎತ್ಕೊಳ್ಳಲಾ?"

ಸಾಹೇಬರ ಕೈಲಿದ್ದ ಲೋಟ ಹಾಗೇ ನಿಂತಿತು.

ಹೆಂಡತಿ ಸೂಟ್‌ಕೇಸಿನ ಕಡೆ ನೋಡಿದರು. ಮನೆಯಲ್ಲಿ ಆಸನ ಸಾಲದೆ ಅದನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಅಧ್ಯಕ್ಷೆ ಆರಾಮವಾಗಿ ಕೂತು, ತಟ್ಟೆಗೆ ಚಹಾ ಸುರಿದುಕೊಂಡು ಊದುತ್ತಿದ್ದರು.

"ಅವರು ಕೂತಿದಾರಲ್ಲಪ್ಪಾ," ಎಂದರು ಹೆಂಡತಿ. "ಮನೆಗೆ ಬಂದೋರನ್ನ ಎಬ್ಬಿಸೋಕಾಗತ್ತಾ?"